ಗೆರೆ ಮದರಾಸಿನದು, ಬಣ್ಣ ಲಂಡನ್ನಿನದು

ಮಂಡ್ಯ ಜಿಲ್ಲೆಯ ಚಿನಕುರಳಿಯಿಂದ ಕೆ.ಆರ್.ಪೇಟೆಗೂ ಅಲ್ಲಿಂದ ನಾಗಮಂಗಲಕ್ಕೂ ಹೋಗುವ ದಾರಿಯಲ್ಲಿ ಮನೆ ಮುಂದಿನ ಹೂಗಿಡಗಳ ಮೇಲೆ ಕಣ್ಣಿಟ್ಟು ಸಾಗಿದರೆ, ತುತ್ತೂರಿ ಆಕಾರದ ಹೂವಿಗೆ ನಮ್ಮ ಸೀಮೆಯ ಜನ ಎಷ್ಟು ಒಲಿದಿದ್ದಾರೆ ಎಂಬುದು ತಿಳಿಯುತ್ತದೆ. ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ಹಳದಿ ಟೆಕೋಮ. ಗೇಟಿನ ಕಮಾನಿಗೆ ಹಬ್ಬಿಸಿದ ಕಿತ್ತಳೆ ಬಣ್ಣದ ಪೈರೋಸ್ಟೀಜಿಯ. ಹೊಸ ಬಡಾವಣೆಯ ರಸ್ತೆ ಬದಿಯಲ್ಲಿ ಗುಲಾಬಿ ಟಬೆಬುಯ, ಹಳೆಯ ಸರ್ಕಾರಿ ಕಟ್ಟಡಗಳ ಹಿಂದೆ ಆಕಾಶಮಲ್ಲಿಗೆ. ಎಲ್ಲವೂ ಚೆಲುವಾದ ಗಿಡಗಳೇ, ಎಲ್ಲವೂ ದೂರದಿಂದ ಬಂದವು. ಟೆಕೋಮ, ಟಬೆಬುಯ ಅಮೆರಿಕ ಖಂಡದವು, ಪೈರೋಸ್ಟೀಜಿಯ ಬ್ರೆಜಿಲ್ ಕಡೆಯದು, ಆಕಾಶಮಲ್ಲಿಗೆ ಬರ್ಮಾ ಕಡೆಯದು. ಮೈಸೂರಿನ ಹೆಸರನ್ನೇ ಹೊತ್ತು, ಲೋಕದ ತೋಟಗಳನ್ನೆಲ್ಲ ಸುತ್ತಿರುವ ಒಂದು ತುತ್ತೂರಿ ಬಳ್ಳಿ ಮಾತ್ರ ಮೈಸೂರು ಸೀಮೆಯ ಮನೆಗಳ ಮುಂದೆ ಕಾಣುವುದು ಬಹಳ ಅಪರೂಪ.

ಅದರ ಶಾಸ್ತ್ರೀಯ ಹೆಸರು ಥನ್‌ಬರ್ಜಿಯ ಮೈಸೊರೆನ್ಸಿಸ್. ನರ್ಸರಿಯವರು ಮೈಸೂರು ಟ್ರಂಪೆಟ್ ವೈನ್, ಕ್ಲಾಕ್ ವೈನ್, ಲೇಡೀಸ್ ಸ್ಲಿಪ್ಪರ್ ಎಂದೆಲ್ಲ ಕರೆಯುತ್ತಾರೆ. ಮರ ಸಿಕ್ಕರೆ ಮರ, ಚಪ್ಪರ ಸಿಕ್ಕರೆ ಚಪ್ಪರ, ಆರೇಳು ಮೀಟರ್ ಸುಲಭವಾಗಿ ಹತ್ತುವ ಬಳ್ಳಿ ಇದು. ಹತ್ತಿದ ಮೇಲೆ ಹೂವನ್ನು ಕೆಳಕ್ಕೆ ಬಿಡುತ್ತದೆ. ಮೊಳದುದ್ದಕ್ಕೂ ಮೀರಿದ ಗೊಂಚಲುಗಳು ಹಬ್ಬದ ತೋರಣದ ಹಾಗೆ ಇಳಿಬೀಳುತ್ತವೆ. ಒಂದೊಂದು ಹೂವಿಗೂ ಅಗಲ ಬಾಯಿಯ ಹಳದಿ ಕೊಳವೆ, ಅದರ ಅಂಚಿಗೆ ಹಿಂದಕ್ಕೆ ಮಡಚಿಕೊಂಡ ಕಂದುಗೆಂಪು ಎಸಳು. ಬುಡದ ಕಡೆಯ ಹೂ ಮೊದಲು ಅರಳಿ, ತುದಿ ಬೆಳೆಯುತ್ತಲೇ ಇರುವುದರಿಂದ ಒಂದೇ ಗೊಂಚಲು ವಾರಗಟ್ಟಲೆ ಹೂ ಕೊಡುತ್ತದೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ, ತೋಟಕ್ಕೆ ಅತ್ಯುತ್ತಮವೆಂದು ಆರಿಸಿ ಪುರಸ್ಕಾರ ಕೊಟ್ಟ ಗಿಡಗಳಲ್ಲಿ ಇದೂ ಒಂದು.

ಈ ಬಳ್ಳಿಯನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಪುಸ್ತಕಗಳು ರಾಬರ್ಟ್ ವೈಟ್ ಎಂಬ ಒಂದೇ ಹೆಸರು ಹೇಳುತ್ತವೆ. ಆ ಉತ್ತರ ಸುಳ್ಳಲ್ಲ, ಸಾಲದು. ನನಗೆ ಕಾಣುವಂತೆ ಈ ಹೂವು ಒಂದೇ ಸಲಕ್ಕೆ, ಒಬ್ಬರಿಗೇ ಸಿಕ್ಕಿದ್ದಲ್ಲ. ಅದರ ಗೆರೆ ಒಂದು ಊರಿನಲ್ಲಿ ಸಿಕ್ಕಿತು, ಬಣ್ಣ ಇನ್ನೊಂದು ಊರಿನಲ್ಲಿ, ಅದು ಹಾಗೆ ಇಳಿಬೀಳುವುದರ ಕಾರಣ ಮತ್ತೂ ಎಷ್ಟೋ ಕಾಲದ ಮೇಲೆ. ನಡುವೆ ತೊಂಬತ್ತು ವರ್ಷದಷ್ಟು ಅಂತರವಿದೆ.

ಕತೆಯನ್ನು ನಮ್ಮ ಊರಿನಿಂದಲೇ ಶುರು ಮಾಡಬಹುದು. ಚಿನಕುರಳಿ ಇತಿಹಾಸದ ಪುಸ್ತಕಗಳಿಗೆ ಪರಿಚಿತವಾಗಿರುವುದು ಯುದ್ಧದ ಹೆಸರಾಗಿ. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯ ಬೆಟ್ಟದಿಂದ ರಾತ್ರೋರಾತ್ರಿ ಶ್ರೀರಂಗಪಟ್ಟಣದ ಕಡೆಗೆ ಹಿಂದೆಗೆಯುತ್ತಿದ್ದ ಹೈದರಾಲಿಯ ಸೈನ್ಯವನ್ನು ತ್ರಿಂಬಕರಾಯನ ಮರಾಠಾ ದಂಡು ಇಲ್ಲೇ ಅಡ್ಡಗಟ್ಟಿ ಮುರಿಯಿತು. ಅದಾಗಿ 28 ವರ್ಷಕ್ಕೆ, 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿತ್ತು. ಕೋವಿ ಹಿಡಿದವರ ಬೆನ್ನಿಗೇ ಅಳತೆ ಸರಪಣಿ ಹಿಡಿದವರು, ಎಲೆ ಒಣಗಿಸುವ ಕಾಗದ ಹಿಡಿದವರು ಈ ಸೀಮೆಗೆ ಬಂದರು. ಕಾಲಿನ್ ಮೆಕೆಂಜಿ ಮೈಸೂರು ರಾಜ್ಯದ ಸರ್ವೆ ಆರಂಭಿಸಿದ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮದರಾಸಿನಿಂದ ಹೊರಟು ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆಗಳನ್ನು ಸುತ್ತಿ, ಬೆಳೆ, ನೀರು, ಮಣ್ಣು, ಮರಗಳ ವಿವರ ಬರೆದುಕೊಂಡ. ಅದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ತೊಣ್ಣೂರು ಕೆರೆ ಏರಿಯ ಮೇಲೆ ನಿಂತಾಗಲೆಲ್ಲ ಆ ಪುಸ್ತಕ ನನಗೆ ನೆನಪಾಗುತ್ತದೆ.

ನಮ್ಮ ಕತೆಗೆ ಇವರಿಬ್ಬರಿಗಿಂತ ಹತ್ತಿರದವನು ಬೆಂಜಮಿನ್ ಹೇಯ್ನ್. ಜರ್ಮನ್ ಮೂಲದವನು, ತರಂಗಂಬಾಡಿಯ ಮಿಷನ್ನಿನ ಮೂಲಕ ದಕ್ಷಿಣಕ್ಕೆ ಬಂದವನು, ವೈದ್ಯ. ಮೆಕೆಂಜಿಯ ಸರ್ವೆಯಲ್ಲಿ ಸಸ್ಯಗಳ ಹೊಣೆ ಅವನದಾಗಿತ್ತು. ಬೆಂಗಳೂರಿನ ಲಾಲ್‌ಬಾಗ್ ಕೆಲಕಾಲ ಅವನ ಉಸ್ತುವಾರಿಯಲ್ಲಿತ್ತು. ಅವನು ಕೂಡಿಹಾಕಿದ ಒಣಗಿದ ಗಿಡಗಳು ಜರ್ಮನಿಯ ಆಲ್ಬ್ರೆಕ್ಟ್ ರೋಟ್‌ನ ಕೈಸೇರಿ 1821ರಲ್ಲಿ ಪುಸ್ತಕವಾದವು. ನಮ್ಮ ಬಯಲುಸೀಮೆಯ ಒಣಕಾಡುಗಳಲ್ಲಿ ಬಿಳಿ ತುತ್ತೂರಿ ಹೂ ಬಿಡುವ ಒಂದು ಮರವಿದೆ, ಈಗ ಡಾಲಿಕ್ಯಾಂಡ್ರೋನ್ ಅಟ್ರೊವೈರನ್ಸ್ ಎನ್ನುತ್ತಾರೆ. ಅದು ಮೊದಲು ಅಚ್ಚಿನಲ್ಲಿ ಕಂಡದ್ದು ಆ ಪುಸ್ತಕದಲ್ಲಿಯೇ. ಅಂದರೆ ಮೈಸೂರು ಬಯಲಿನ ತುತ್ತೂರಿ ಹೂ ಮೊದಲು ಪುಸ್ತಕ ಸೇರಿತು, ಮಲೆಯ ತುತ್ತೂರಿ ಹೂವಾದ ನಮ್ಮ ಬಳ್ಳಿಗೆ ಇನ್ನೂ ಕಾಲು ಶತಮಾನ ಬೇಕಾಯಿತು. ಹೇಯ್ನ್ 1819ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ತೀರಿಕೊಂಡ. ಅದೇ ವರ್ಷ 23ರ ಹರೆಯದ ಸ್ಕಾಟ್ ಶಸ್ತ್ರವೈದ್ಯನೊಬ್ಬ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆಂದು ಮದರಾಸಿಗೆ ಬಂದಿಳಿದ. ಅವನೇ ರಾಬರ್ಟ್ ವೈಟ್.

ವೈಟ್ ಪಲ್ಟನ್ನಿನ ಡಾಕ್ಟರು. ಗಿಡಗಳ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು. ಆದರೆ ಅವನ ಹೆಸರು ಉಳಿದಿರುವುದು ಅವನೊಬ್ಬನ ಕೆಲಸದಿಂದಲ್ಲ. ಅವನ ಬಳಿ ರಂಗಯ್ಯ ಎಂಬ ಚಿತ್ರಗಾರನಿದ್ದ, ರಂಗಯ್ಯನ ನಂತರ ಗೋವಿಂದು ಎಂಬವನು ಬಂದ. ಇಬ್ಬರೂ ದಕ್ಷಿಣದ ಚಿತ್ರಕಲೆಯ ಪರಂಪರೆಯಲ್ಲಿ ಕೈಪಳಗಿಸಿಕೊಂಡವರು. ದೇವರ ಉಡುಗೆ, ಆಭರಣ, ಬಳ್ಳಿಸುತ್ತುಗಳನ್ನು ಬರೆಯಲು ಬೇಕಾದ ಸೂಕ್ಷ್ಮ ಗೆರೆ ಅವರ ಕೈಯಲ್ಲಿತ್ತು. ಅದನ್ನು ಅವರು ಕೇಸರ, ಶಲಾಕೆ, ಬೀಜಕೋಶಗಳಿಗೆ ತಿರುಗಿಸಿದರು. ವೈಟ್‌ನ ಪುಸ್ತಕಗಳ ಚಿತ್ರಗಳ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅವರ ಹೆಸರು ಅಚ್ಚಾಗಿದೆ. ಆ ಕಾಲದಲ್ಲಿ ಕಂಪನಿಯ ಅಧಿಕಾರಿಗಳಿಗೆ ಚಿತ್ರ ಬರೆದುಕೊಟ್ಟ ಭಾರತೀಯರಲ್ಲಿ ಹೆಚ್ಚಿನವರು ಹೆಸರಿಲ್ಲದೆ ಹೋದರು. ವೈಟ್ ಮಾತ್ರ ಹಾಗೆ ಮಾಡಲಿಲ್ಲ. 1853ರಲ್ಲಿ ಒಂದು ಆರ್ಕಿಡ್ ಜಾತಿಗೇ ಗೋವಿಂದೂಯಿಯ ಎಂದು ಹೆಸರಿಟ್ಟ. ಮುಂದೆ ಆ ಸಸ್ಯ ಬೇರೊಂದು ಜಾತಿಗೆ ಸೇರಿಹೋಯಿತು, ಆದರೆ ಹೆಸರಿಟ್ಟ ಮನಸ್ಸು ದಾಖಲೆಯಲ್ಲಿ ಉಳಿಯಿತು. ಈ ಇಬ್ಬರ ನೂರಾರು ಮೂಲಚಿತ್ರಗಳು ಇಂದಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. 2007ರಲ್ಲಿ ಹೆನ್ರಿ ನೋಲ್ಟಿ ಅವುಗಳ ಮೇಲೆ ದೊಡ್ಡ ಕೆಲಸ ಪ್ರಕಟಿಸಿದ ಮೇಲೆ ರಂಗಯ್ಯ, ಗೋವಿಂದು ಎಂಬ ಹೆಸರುಗಳು ಮತ್ತೆ ಜನರ ಬಾಯಿಗೆ ಬಂದವು.

ಚಿತ್ರಗಾರರ ಮೇಲೆ ಇಷ್ಟು ನಿಲ್ಲುವುದಕ್ಕೆ ಕಾರಣವಿದೆ. ಈ ಬಳ್ಳಿಯ ಗೊಂಚಲನ್ನು ಕಿತ್ತು ಕಾಗದದ ನಡುವೆ ಒತ್ತಿ ಒಣಗಿಸಿದರೆ ಏನಾಗುತ್ತದೆ ಎಂದು ನೋಡಿ. ಹಳದಿ ಕಂದಾಗುತ್ತದೆ, ಕೆಂಪು ಕಪ್ಪಾಗುತ್ತದೆ. ಅಗಲ ಬಾಯಿ ಚಪ್ಪಟೆಯಾಗಿ, ಮೇಲಿನ ತುಟಿ ಯಾವುದು ಕೆಳಗಿನದು ಯಾವುದು ತಿಳಿಯದೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಇಳಿಬಿದ್ದ ಹೂ ಎಂಬುದೇ ಮರೆಯಾಗುತ್ತದೆ. ಹಾಳೆಯನ್ನು ಯಾವ ಕಡೆಗೆ ತಿರುಗಿಸಿ ಹಿಡಿದರೂ ಹಾಳೆಯೇ. ಒಣಗಿದ ಮಾದರಿಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಅದರ ನಿಲುವನ್ನು ಮತ್ತೆ ಕಾಗದದ ಮೇಲೆ ನಿಲ್ಲಿಸಬೇಕಾದವನು ಚಿತ್ರಗಾರ. ಸಸ್ಯಶಾಸ್ತ್ರಜ್ಞ ಅದಕ್ಕೆ ಲ್ಯಾಟಿನ್ ವಿವರಣೆ ಬರೆಯಬಲ್ಲ, ಆದರೆ ಗೆರೆ ಎಳೆಯುವಾಗ ತೂಗುವ ಹೂವನ್ನು ಕಂಡವನೇ ಬೇಕು, ಇಲ್ಲವೇ ಅದನ್ನು ಮನಸ್ಸಿನಲ್ಲಿ ತೂಗಿ ನೋಡಬಲ್ಲವನು ಬೇಕು.

ವೈಟ್‌ನ ಮಹಾಕೃತಿ ‘ಐಕೋನ್ಸ್ ಪ್ಲಾಂಟಾರಂ ಇಂಡಿಯೆ ಓರಿಯೆಂಟಾಲಿಸ್’. 1838ರಿಂದ 1853ರವರೆಗೆ ಕಂತುಕಂತಾಗಿ ಮದರಾಸಿನಿಂದ ಹೊರಬಂತು. ಆರು ಸಂಪುಟ, 2101 ಚಿತ್ರ. ತಾಮ್ರದ ತಗಡಿನಲ್ಲಿ ಕೆತ್ತಿಸಿ, ಕೈಯಿಂದ ಬಣ್ಣ ಹಚ್ಚಿಸಿ ಪುಸ್ತಕ ಮಾಡಿದರೆ ಶ್ರೀಮಂತರ ಕಪಾಟಿಗೆ ಮಾತ್ರ ಅದು ಸೇರುತ್ತದೆ ಎಂದು ವೈಟ್‌ಗೆ ಗೊತ್ತಿತ್ತು. ಅದಕ್ಕೇ ಅವನು ಕಲ್ಲಚ್ಚನ್ನು ನೆಚ್ಚಿಕೊಂಡ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಅಚ್ಚೊತ್ತುವ ಅಗ್ಗದ ವಿಧಾನ. ಬಣ್ಣವಿಲ್ಲ, ಬರೀ ಗೆರೆ. ಆ ಪುಸ್ತಕದ ಮೂರನೆಯ ಸಂಪುಟದಲ್ಲಿ, 1840ರ ದಶಕದ ನಡುವಿನಲ್ಲಿ, 871ನೆಯ ಚಿತ್ರವಾಗಿ ನಮ್ಮ ಬಳ್ಳಿ ಮೊದಲ ಬಾರಿ ಲೋಕಕ್ಕೆ ಕಾಣಿಸಿಕೊಂಡಿತು. ಅಲ್ಲಿ ಅದರ ಹೆಸರು ಹೆಕ್ಸಾಸೆಂಟ್ರಿಸ್ ಮೈಸೊರೆನ್ಸಿಸ್.

ಹೆಕ್ಸಾಸೆಂಟ್ರಿಸ್ ಎಂಬ ಜಾತಿಯನ್ನು ಕಟ್ಟಿದವನು ಜರ್ಮನಿಯ ನೀಸ್ ಫಾನ್ ಎಸೆನ್‌ಬೆಕ್, 1832ರಲ್ಲಿ. ಹಿಮಾಲಯದ ಕೆಂಪು ಹೂವಿನ ಸೋದರ ಬಳ್ಳಿಯೊಂದರ ಪರಾಗಕೋಶಗಳನ್ನು ಭೂತಗನ್ನಡಿಯಲ್ಲಿ ನೋಡಿ ಅವುಗಳ ಬುಡದಲ್ಲಿ ಸಣ್ಣ ಸಣ್ಣ ಮೊನೆಗಳಿರುವುದನ್ನು ಅವನು ಗುರುತಿಸಿದ್ದ. ಆರು ಮೊನೆಯ ಹೂವೆಂದು ಹಾಗೆ ಕರೆದ. ಆ ಮೊನೆಗಳು ಹೂವಿಗೆ ಯಾಕೆ ಬೇಕು ಎಂಬ ಪ್ರಶ್ನೆ ಆಗ ಯಾರಿಗೂ ಬೇಕಿರಲಿಲ್ಲ. ಒಂದು ಗುಂಪನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತಾಗಿ ಅವು ಸಾಕಾಗಿದ್ದವು. ಈ ಮೊನೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಕತೆಯ ಮುಂದಿನ ಭಾಗದಲ್ಲಿ ಅವು ಬೇಕಾಗುತ್ತವೆ.

ಹೆಸರಿನ ಎರಡನೆಯ ಭಾಗ ಮೈಸೂರು. ಇದನ್ನು ಕೇಳಿ ನಮ್ಮ ಪಾಂಡವಪುರ, ಶ್ರೀರಂಗಪಟ್ಟಣದ ಬೇಲಿಗಳಲ್ಲಿ ಬಳ್ಳಿ ಹುಡುಕಿದರೆ ಸಿಗುವುದಿಲ್ಲ. ಆ ಕಾಲದ ಮೈಸೂರು ಅಂದರೆ ಮಾರ್ಕ್ ಕಬ್ಬನ್‌ನ ಆಡಳಿತದಲ್ಲಿದ್ದ ಇಡೀ ರಾಜ್ಯ, ಇಂದಿನ ಶಿವಮೊಗ್ಗ, ಚಿಕ್ಕಮಗಳೂರುಗಳನ್ನು ಒಳಗೊಂಡ ನಗರ ವಿಭಾಗವೂ ಸೇರಿ. ಬಳ್ಳಿಯ ನಿಜವಾದ ನೆಲೆ ಪಶ್ಚಿಮಘಟ್ಟದ ತೇವದ ಕಾಡು. ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡದ ಘಾಟಿಗಳಲ್ಲಿ, ಇನ್ನೂ ತೆಂಕಣಕ್ಕೆ ಕೇರಳ, ತಮಿಳುನಾಡಿನ ಮಲೆಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಘಾಟಿ ರಸ್ತೆಯ ತಿರುವುಗಳಲ್ಲಿ ಎತ್ತರದ ಮರದಿಂದ ಇಳಿಬಿದ್ದ ಇದರ ಗೊಂಚಲುಗಳನ್ನು ಚಳಿಗಾಲದ ಪ್ರಯಾಣಿಕರು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಏಲಕ್ಕಿ ತೋಟದ ಆಳುಗಳು, ಜೇನು ತೆಗೆಯುವವರು, ಸೊಪ್ಪಿಗೆ ಹೋಗುವ ಹೆಂಗಸರು ವೈಟ್ ಹುಟ್ಟುವ ಎಷ್ಟೋ ತಲೆಮಾರಿಗೆ ಮುಂಚೆ ಇದರ ಕೆಳಗೆ ನಡೆದಾಡಿದವರು. ಮಾದರಿ ಹುಡುಕಿಕೊಂಡು ಬಂದವರಿಗೆ ಕಾಡಿನ ದಾರಿ ತೋರಿಸಿದವರೂ ಇಂಥವರೇ.

ಇಲ್ಲಿಂದ ಕತೆ ಸಮುದ್ರ ದಾಟುತ್ತದೆ. 1830ರ ದಶಕಕ್ಕೆ ಮುಂಚೆ ಬದುಕಿರುವ ಗಿಡವೊಂದನ್ನು ಇಂಡಿಯಾದಿಂದ ಇಂಗ್ಲೆಂಡಿಗೆ ಮುಟ್ಟಿಸುವುದು ಬಹಳ ಕಷ್ಟದ ಮಾತಾಗಿತ್ತು. ಹಡಗಿನ ಮೇಲೆ ತಿಂಗಳುಗಟ್ಟಲೆ ಉಪ್ಪುಗಾಳಿ, ಸಿಹಿನೀರಿಗೆ ಪಡಿ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಗಿಡ ತನ್ನ ತೇವವನ್ನು ತಾನೇ ಮತ್ತೆ ಮತ್ತೆ ಬಳಸಿಕೊಂಡು ಬದುಕುತ್ತದೆ ಎಂದು ಕಂಡುಕೊಂಡ. 1833ರಲ್ಲಿ ಅಂಥ ಪೆಟ್ಟಿಗೆಗಳನ್ನು ಸಿಡ್ನಿಗೆ ಕಳಿಸಿ ಪರೀಕ್ಷಿಸಿದ. ಅದೇ ಸುಮಾರಿಗೆ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ ಭಾರವಾಗಿತ್ತು, 1845ರಲ್ಲಿ ಅದನ್ನು ತೆಗೆದುಹಾಕಿದರು. ಗಾಜು ಅಗ್ಗವಾಯಿತು, ಬಿಸಿನೀರಿನ ಕೊಳವೆ ಹಾಯಿಸಿದ ಗಾಜಿನ ಮನೆಗಳು ಎದ್ದವು. ಉಷ್ಣದೇಶದ ಬಳ್ಳಿಗಳಿಗೆ ಅಲ್ಲಿ ಹಠಾತ್ತನೆ ಬೇಡಿಕೆ ಹುಟ್ಟಿತು. ಮಲೆನಾಡಿನ ನೆರಳು ಮತ್ತು ತೇವವನ್ನು ಅವರು ಕಲ್ಲಿದ್ದಲು ಉರಿಸಿ ತಯಾರಿಸುತ್ತಿದ್ದರು.

ಎಕ್ಸೆಟರ್‌ನ ವೀಚ್ ಮನೆತನದ ನರ್ಸರಿ ಆ ಕಾಲದ ದೊಡ್ಡ ಹೆಸರು. ಇಂಗ್ಲೆಂಡಿನಲ್ಲಿ ಮೈಸೂರಿನ ಬಳ್ಳಿಯನ್ನು ಬೆಳೆಸಿ, ಹೂ ಬಿಡಿಸಿ, 1850ರ ದಶಕದ ಆರಂಭದಲ್ಲಿ ಜನರೆದುರಿಗೆ ಇಟ್ಟವರು ಅವರೇ. 1854ರಲ್ಲಿ ‘ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್’ ಅದಕ್ಕೆ ಒಂದು ಪುಟ ಕೊಟ್ಟಿತು, 4786ನೆಯ ಚಿತ್ರ. ಪತ್ರಿಕೆಯ ಸಂಪಾದಕ ಕ್ಯೂ ತೋಟದ ನಿರ್ದೇಶಕ ವಿಲಿಯಂ ಹೂಕರ್, ವೈಟ್‌ನ ಹಳೆಯ ಗೆಳೆಯ. ಆ ವರ್ಷಗಳಲ್ಲಿ ಪತ್ರಿಕೆಯ ಚಿತ್ರಗಳನ್ನು ಬರೆಯುತ್ತಿದ್ದವನು ವಾಲ್ಟರ್ ಹುಡ್ ಫಿಚ್. ಆ ಪತ್ರಿಕೆಯ ಪ್ರತಿಯೊಂದು ಪ್ರತಿಗೂ ಕೆಲಸಗಾರರು ಕುಂಚದಿಂದ ಬಣ್ಣ ತುಂಬುತ್ತಿದ್ದರು. ಮದರಾಸಿನ ಕಲ್ಲಚ್ಚು ಕೊಡಲಾರದೆ ಹೋದ ಹಳದಿಯೂ ಕಂದುಗೆಂಪೂ ಹೀಗೆ ಒಂಬತ್ತು ಹತ್ತು ವರ್ಷದ ಮೇಲೆ ಲಂಡನ್ನಿನಲ್ಲಿ ಹೂವನ್ನು ಬಂದು ಸೇರಿದವು. ಇಷ್ಟರಲ್ಲಿ ವೈಟ್ ಇಂಡಿಯಾ ಬಿಟ್ಟು ತಾಯ್ನಾಡಿಗೆ ಮರಳಿದ್ದ.

ಗಾಜಿನ ಮನೆಯ ಮಾಲಿಗಳು ಇನ್ನೊಂದನ್ನು ಕಂಡುಕೊಂಡರು, ಅದು ಯಾವ ಶಾಸ್ತ್ರಗ್ರಂಥದಲ್ಲೂ ಇರಲಿಲ್ಲ. ಈ ಬಳ್ಳಿಯನ್ನು ಗೋಡೆಗೆ ಒರಗಿಸಿದರೆ ಗೊಂಚಲು ಗೋಡೆಗೆ ತಾಗಿ ಕೆಡುತ್ತದೆ. ನೆಲದಿಂದ ನೇರ ಮೇಲಕ್ಕೆ ಒಯ್ದು, ಮಾಡಿನ ಕೆಳಗೆ ತಂತಿಯ ಮೇಲೆ ಅಡ್ಡಕ್ಕೆ ಹಬ್ಬಿಸಿ, ಕೆಳಗೆ ಜಾಗ ಖಾಲಿ ಬಿಡಬೇಕು. ಹೂವಿಗೆ ಬೇಕಾದ್ದು ಗಾಳಿಯಲ್ಲಿ ತೂಗುವ ಜಾಗ. ಇಂದು ಸಿಂಗಪುರದಿಂದ ಫ್ಲಾರಿಡಾದವರೆಗೆ ತೋಟಗಾರರು ಪರ್ಗೋಲ ಕಟ್ಟಿ ಈ ಬಳ್ಳಿ ಹಬ್ಬಿಸುವುದು ಇದೇ ಕ್ರಮದಲ್ಲಿ.

1860ರ ದಶಕದಲ್ಲಿ ಹೆಸರು ಬದಲಾಯಿತು. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಥಾಮಸ್ ಆಂಡರ್ಸನ್ ಈ ಬಳ್ಳಿ ಸೇರಿದ ಸಸ್ಯಕುಟುಂಬದ ಇಂಡಿಯಾದ ಗಿಡಗಳನ್ನೆಲ್ಲ ಮರುಪರಿಶೀಲಿಸಿ, ಆರು ಮೊನೆಯ ಗುಂಪು ಪ್ರತ್ಯೇಕ ಜಾತಿಯಾಗಿ ನಿಲ್ಲದು, ಅದು ಥನ್‌ಬರ್ಜಿಯದ ಒಳಗಿನದೇ ಎಂದು ತೀರ್ಮಾನಿಸಿದ. ಮದರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್‌ನ ಬರಹವೂ ಇದರ ಜೊತೆ ಸೇರಿದೆ. ಥನ್‌ಬರ್ಜಿಯ ಎಂಬುದು ಲಿನೆಯಸ್‌ನ ಶಿಷ್ಯ ಕಾರ್ಲ್ ಪೀಟರ್ ಥನ್‌ಬರ್ಗ್‌ನ ನೆನಪಿಗೆ 1780ರಲ್ಲಿ ಇಟ್ಟ ಹೆಸರು.

ಈ ಕುಟುಂಬ ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆ ಇದರದೇ. ಮಂಡ್ಯ ಜಿಲ್ಲೆಯ ಹೆಣ್ಣುಮಕ್ಕಳು ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುವ ಕನಕಾಂಬರವೂ ಇದರದೇ. ಕನಕಾಂಬರದ ಒಣಕಾಯಿಗೆ ಒಂದು ಹನಿ ನೀರು ಬಿಟ್ಟರೆ ಚಟ್ ಎಂದು ಸಿಡಿದು ಬೀಜ ಹಾರುತ್ತದೆ. ಬೀಜದ ಕೆಳಗೆ ಕೊಕ್ಕೆಯಂಥ ಒಂದು ತೊಟ್ಟಿದ್ದು ಅದು ಬೀಜವನ್ನು ಎಸೆಯುತ್ತದೆ. ಥನ್‌ಬರ್ಜಿಯದಲ್ಲಿ ಆ ಕೊಕ್ಕೆ ಇಲ್ಲ. ಅದರ ಕಾಯಿ ಗುಂಡಗಿದ್ದು ಮೇಲೆ ಉದ್ದನೆಯ ಮೂತಿ ಹೊತ್ತಿರುತ್ತದೆ. ಈ ವ್ಯತ್ಯಾಸದ ಮೇಲೆಯೇ ಕೆಲವರು ಥನ್‌ಬರ್ಜಿಯಗಳಿಗೆ ಬೇರೆ ಕುಟುಂಬವನ್ನೇ ಕಟ್ಟಬೇಕೆಂದು ವಾದಿಸಿದ್ದರು. ಈಗಿನ ವರ್ಗೀಕರಣ ಅವನ್ನು ಕನಕಾಂಬರದ ಮನೆಯಲ್ಲೇ ಉಳಿಸಿದೆ.

ಗೆರೆ ಸಿಕ್ಕಿತು, ಬಣ್ಣ ಸಿಕ್ಕಿತು, ಹೆಸರು ನೆಲೆಗೊಂಡಿತು. ಆದರೆ ಈ ಬಳ್ಳಿಯನ್ನು ಮೊದಲ ಬಾರಿ ನೋಡುವ ನಮ್ಮ ಹಳ್ಳಿಯ ಹಿರಿಯರು ಕೇಳುವ ಪ್ರಶ್ನೆಯೇ ಬೇರೆ: “ಇದೇನಪ್ಪ, ಹೂವೆಲ್ಲ ನೆಲದ ಕಡೀಕೇ ಇಳೆಬಿದ್ದವೆ?” ಅದಕ್ಕೆ ವೈಟ್‌ನ ಪುಸ್ತಕದಲ್ಲಿ ಉತ್ತರವಿಲ್ಲ, ಹೂಕರನ ಪತ್ರಿಕೆಯಲ್ಲೂ ಇಲ್ಲ. ಯುರೋಪಿನವರಿಗೆ ಹೂವೆಂದರೆ ದುಂಬಿ, ಜೇನ್ನೊಣ, ಚಿಟ್ಟೆ. ಅವರ ಸೀಮೆಯಲ್ಲಿ ಹೂವಿಗಾಗಿಯೇ ಬದುಕುವ ಹಕ್ಕಿ ಇಲ್ಲ. ನಮ್ಮಲ್ಲಿ ಇದೆ. ಹಿತ್ತಲಿನ ದಾಸವಾಳಕ್ಕೆ ದಿನಾ ಬರುವ ಸೂರಕ್ಕಿಯನ್ನು ಚಿನಕುರಳಿಯ ಮಕ್ಕಳೂ ಬಲ್ಲರು. ಇಂಡಿಯಾದ ಯಾವ ಹೂಗಳಿಗೆ ಯಾವ ಹಕ್ಕಿ ಹೋಗುತ್ತದೆ, ಹಕ್ಕಿಯಿಂದ ಹೂವಿಗೆ ಏನು ಪ್ರಯೋಜನ ಎಂಬುದನ್ನು ಗಟ್ಟಿಯಾಗಿ ಕೂಡಿಸಿ ಬರೆದದ್ದು ಸಲೀಂ ಅಲಿ, 1932ರಲ್ಲಿ, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ. ಅದೇ ಸಲೀಂ ಅಲಿ 1930ರ ದಶಕದ ಕೊನೆಗೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದು ನಮ್ಮ ರಾಜ್ಯವನ್ನೆಲ್ಲ ಸುತ್ತಿದರು.

ಹಕ್ಕಿಯ ಕಣ್ಣಿನಿಂದ ನೋಡಿದಾಗ ಈ ಹೂವಿನ ಒಂದೊಂದು ಭಾಗವೂ ಅರ್ಥವಾಗುತ್ತದೆ. ವಾಸನೆ ಇಲ್ಲ, ಹಕ್ಕಿಗೆ ಅದು ಬೇಕಿಲ್ಲ. ಕೆಂಪು ಹಳದಿ ದೂರದಿಂದ ಕಾಣುತ್ತವೆ. ಕೊಳವೆಯ ತಳದಲ್ಲಿ ಧಾರಾಳ ಮಕರಂದ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತು ಕುಡಿಯಬಲ್ಲದು, ನಮ್ಮ ಸೂರಕ್ಕಿಗೂ ಮಲೆಕಾಡಿನ ಉದ್ದ ಬಾಗುಕೊಕ್ಕಿನ ಸ್ಪೈಡರ್‌ಹಂಟರ್‌ಗೂ ಕೂರಲು ಜಾಗ ಬೇಕು. ಇಳಿಬಿದ್ದ ಗೊಂಚಲಿನ ಗಟ್ಟಿ ದೇಟು ಆ ಜಾಗ ಕೊಡುತ್ತದೆ. ಹಕ್ಕಿ ದೇಟಿಗೆ ಕಾಲು ಸಿಕ್ಕಿಸಿಕೊಂಡು ಬಾಯಿ ತೆರೆದ ಹೂವಿನೊಳಗೆ ಕೊಕ್ಕು ತೂರಿಸಿದಾಗ, ಮೇಲಿನ ತುಟಿಯ ಅಡಿಯಲ್ಲಿ ಅಡಗಿರುವ ಪರಾಗಕೋಶಗಳು ಅದರ ನೆತ್ತಿಗೆ ತಾಗುತ್ತವೆ. ನೀಸ್ ಎಣಿಸಿದ ಆ ಮೊನೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಥನ್‌ಬರ್ಜಿಯ ಗುಂಪಿನ ಹೂಗಳಲ್ಲಿ ಒಳಹೊಕ್ಕ ಜೀವಿ ಮೊನೆಗಳಿಗೆ ತಾಗಿದೊಡನೆ ಅವು ಸನ್ನೆಗೋಲಾಗಿ ಪರಾಗಕೋಶವನ್ನು ಅಲುಗಿಸಿ ಪುಡಿ ಉದುರಿಸುತ್ತವೆ. ಇದೇ ಜಾತಿಯ ನೀಲಿ ಹೂವಿನ ಬಳ್ಳಿಯಲ್ಲಿ ಬಡಗಿ ದುಂಬಿ ಹೊಕ್ಕಾಗ ಇದನ್ನು ಯಾರು ಬೇಕಾದರೂ ನೋಡಬಹುದು. 1832ರಲ್ಲಿ ಬರೀ ಗುರುತಾಗಿದ್ದದ್ದು ಯಂತ್ರವೆಂದು ತಿಳಿದುಕೊಳ್ಳಲು ಹೂವನ್ನು ಒಣಹಾಳೆಯಿಂದ ಬಿಡಿಸಿ ತೋಟದಲ್ಲಿ ಕಾದು ಕೂರಬೇಕಾಯಿತು.

ಇನ್ನು ನಮ್ಮ ಕಡೆ ಬೆಳೆಸುವ ಮಾತು. ಸತ್ಯ ಹೇಳಬೇಕೆಂದರೆ ಚಿನಕುರಳಿಯ ಹವೆ ಈ ಬಳ್ಳಿಯ ತವರಿನ ಹವೆಯಲ್ಲ. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಘಟ್ಟದ ಕಾಡಿಗೆ ಅದರ ನಾಲ್ಕೈದು ಪಟ್ಟು. ನಮ್ಮ ಏಪ್ರಿಲ್ ಬಿಸಿಲಿಗೆ ಇದರ ಎಲೆ ಅಂಚು ಸುಟ್ಟುಕೊಳ್ಳುತ್ತದೆ. ಆದರೂ ಇದು ಇಲ್ಲಿ ಬದುಕುತ್ತದೆ, ಚೆನ್ನಾಗಿಯೇ ಹೂ ಬಿಡುತ್ತದೆ, ಎರಡು ವಿಷಯ ನೋಡಿಕೊಂಡರೆ. ಮೊದಲನೆಯದು ನೆರಳು. ಮನೆಯ ಮೂಡಣ ಬದಿ ಇದಕ್ಕೆ ಹೇಳಿ ಮಾಡಿಸಿದ ಜಾಗ, ಬೆಳಗಿನ ಎಳೆಬಿಸಿಲು ಸಿಕ್ಕಿ ಮಧ್ಯಾಹ್ನದ ಹೊತ್ತಿಗೆ ಗೋಡೆಯ ನೆರಳು ಬೀಳುತ್ತದೆ. ಹೊಂಗೆ ಮರದ ಮಗ್ಗುಲೂ ಒಳ್ಳೆಯದೇ. ಎರಡನೆಯದು ಬೇರಿನ ತಂಪು. ಎರಡಡಿ ಗುಂಡಿ ತೋಡಿ, ನಮ್ಮ ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ, ಸ್ವಲ್ಪ ಮರಳು ಬೆರೆಸಬೇಕು. ನಾಟಿ ಮಾಡಿದ ಮೇಲೆ ಬುಡಕ್ಕೆ ದಪ್ಪನಾಗಿ ಕಬ್ಬಿನ ತರಗು ಹೊದಿಸಬೇಕು. ಪಾಂಡವಪುರ ಸೀಮೆಯಲ್ಲಿ ತರಗಿಗೆ ಬರವಿಲ್ಲ, ಗದ್ದೆಯಲ್ಲಿ ಬೆಂಕಿ ಇಡುವ ಬದಲು ನಾಲ್ಕು ಹೊರೆ ಹಿತ್ತಲಿಗೆ ತಂದರೆ ಬೇಸಿಗೆಯೆಲ್ಲ ನೆಲ ತೇವವಾಗಿರುತ್ತದೆ. ನೀರು ಬುಡದಲ್ಲಿ ನಿಲ್ಲಬಾರದು, ನಿಂತರೆ ಬೇರು ಕೊಳೆಯುತ್ತದೆ.

ಚಪ್ಪರ ಎಂಟಡಿಗೆ ಕಡಿಮೆ ಎತ್ತರವಿದ್ದರೆ ಗೊಂಚಲು ತಲೆಗೆ ಬಡಿಯುತ್ತದೆ. ಬಳ್ಳಿ ದಪ್ಪನಾದ ಮೇಲೆ ಭಾರ ಬಹಳ, ಬಿದಿರು ಎರಡು ಮಳೆಗಾಲಕ್ಕೆ ಸೋಲುತ್ತದೆ. ಕಲ್ಲುಕಂಬ ನೆಟ್ಟು ಮೇಲೆ ಜಿ.ಐ. ಪೈಪು ಅಥವಾ ದಪ್ಪ ತಂತಿ ಹಾಯಿಸುವುದು ಲೇಸು, ಕಲ್ಲುಕಂಬಕ್ಕೆ ನಮ್ಮಲ್ಲಿ ಕೊರತೆ ಏನಿಲ್ಲ. ಮೊದಲ ವರ್ಷ ಒಂದೆರಡು ಕುಡಿಗಳನ್ನು ಮಾತ್ರ ನೇರ ಮೇಲಕ್ಕೆ ಬಿಟ್ಟು ಪಕ್ಕದ ಕೊಂಬೆಗಳನ್ನು ಚಿವುಟಬೇಕು. ಚಪ್ಪರ ಮುಟ್ಟಿದ ಮೇಲೆ ನಾಲ್ಕೂ ದಿಕ್ಕಿಗೆ ಹರಡಲಿ. ಹೂವಿನ ಕಾಲ ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ, ಯುಗಾದಿ ಕಳೆದು ಹೂ ನಿಂತ ಮೇಲೆ ಕತ್ತರಿ ಹಾಕುವುದು. ಒಣಹವೆಯಲ್ಲಿ ಎಲೆಯ ಅಡಿಗೆ ನುಸಿ ಕೂರುತ್ತದೆ, ಹಿಟ್ಟು ತಿಗಣೆಯೂ ಬರುತ್ತದೆ. ಬೆಳಗ್ಗೆ ಪೈಪಿನಲ್ಲಿ ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯುವುದು, ಬೇವಿನೆಣ್ಣೆ ಸೋಪಿನ ನೀರು ಚಿಮುಕಿಸುವುದು ಇಷ್ಟರಲ್ಲೇ ಹತೋಟಿಗೆ ಬರುತ್ತದೆ. ಕಟುವಾದ ವಿಷ ಹೊಡೆಯಬೇಡಿ. ಹೂವಿಗೆ ಬರುವ ಸೂರಕ್ಕಿ ತನ್ನ ಮರಿಗಳಿಗೆ ತಿನ್ನಿಸುವುದು ಅದೇ ಗಿಡದ ಹುಳುಗಳನ್ನು, ಜೇಡಗಳನ್ನು.

ಗಿಡ ಮಾಡುವುದು ಕಡ್ಡಿಯಿಂದ. ಆಷಾಢದ ತಂಪಿನಲ್ಲಿ, ಬಲಿಯುತ್ತಿರುವ ಹಸಿರು ಕಡ್ಡಿಯನ್ನು ಎರಡು ಗೆಣ್ಣು ಬರುವಂತೆ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿ ತುಂಬಿದ ಪಾಕೀಟಿನಲ್ಲಿ ಊರಿ ನೆರಳಲ್ಲಿಡಬೇಕು. ಬಳ್ಳಿಯನ್ನು ನೆಲಕ್ಕೆ ಬಾಗಿಸಿ ಮಣ್ಣು ಮುಚ್ಚಿ ಬೇರು ಬರಿಸುವುದೂ ಆಗುತ್ತದೆ. ಘಾಟಿಗೆ ಹೋದವರು ಕಾಡಿನ ಬಳ್ಳಿಯನ್ನು ಕಿತ್ತು ತರುವ ಅಗತ್ಯ ಖಂಡಿತ ಇಲ್ಲ. ಬೆಂಗಳೂರು, ಮೈಸೂರಿನ ನರ್ಸರಿಗಳಲ್ಲಿ ಗಿಡ ಸಿಗುತ್ತದೆ, ಕಿತ್ತು ತಂದ ದೊಡ್ಡ ಬಳ್ಳಿ ಬದುಕುವುದೂ ವಿರಳ.

ತೋಟದ ಬಳ್ಳಿಗಳಲ್ಲಿ ಕಾಯಿ ಕಚ್ಚುವುದು ಕಡಿಮೆ. ಕಡ್ಡಿಯಿಂದ ಕಡ್ಡಿಗೆ ಹಬ್ಬಿದ ಗಿಡಗಳೆಲ್ಲ ಒಂದೇ ತಾಯಿಯ ತುಂಡುಗಳು, ಅದೇ ಕಾರಣವಿರಬಹುದು. ಬೇರೆ ಬೇರೆ ನರ್ಸರಿಯಿಂದ, ಸಾಧ್ಯವಾದರೆ ಮೂಲ ಬೇರೆಯಾದ ಎರಡು ಗಿಡಗಳನ್ನು ತಂದು ಒಂದೇ ಚಪ್ಪರದ ಎರಡು ತುದಿಗೆ ನೆಟ್ಟು, ನಡುವೆ ಸೂರಕ್ಕಿ ಓಡಾಡಲು ಬಿಟ್ಟು, ಮೂತಿಯ ಕಾಯಿ ಎಷ್ಟು ಕಚ್ಚುತ್ತದೆ ಎಂದು ಬರೆದಿಡುವ ಕೆಲಸಕ್ಕೆ ಭೂತಗನ್ನಡಿಯೂ ಬೇಡ, ಗಾಜಿನ ಮನೆಯೂ ಬೇಡ. ಪಾಂಡವಪುರದ ಕಾಲೇಜಿನ ಸಸ್ಯಶಾಸ್ತ್ರದ ಮಕ್ಕಳು ಕೈಹಾಕಿದರೆ ನಾಲ್ಕು ವರ್ಷದ ಲೆಕ್ಕ ಸಾಕು. ಸಿಕ್ಕ ಬೀಜವನ್ನು ತಾಜಾ ಇರುವಾಗಲೇ ಬಿತ್ತಬೇಕು. ಆ ಸಸಿಗಳಲ್ಲಿ ನಮ್ಮ ಬಿಸಿಲಿಗೆ ಎಲೆ ಸುಡದೆ ನಿಲ್ಲುವಂಥದ್ದನ್ನು ಆರಿಸಿಕೊಂಡು, ಅದರ ಕಡ್ಡಿಯನ್ನು ಮುಂದಿನ ಆಷಾಢಕ್ಕೆ ಊರಿನವರಿಗೆ ಹಂಚಬಹುದು.